ಮುಧೋಳ ನಾಯಿ ಅರಮನೆಯ ಸೃಷ್ಟಿಯಲ್ಲ

ಮುಧೋಳ ನಾಯಿಯನ್ನು ‘ರಾಜರು ಸೃಷ್ಟಿಸಿದ ತಳಿ’ ಎಂದು ನಿಮ್ಮ ಪತ್ರಿಕೆಯ ಲೇಖನದಲ್ಲಿ ಬರೆದಿರುವುದು ಸರಿಯಲ್ಲ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಅವರು ಈ ತಳಿಯನ್ನು ಆರಿಸಿ ಬೆಳೆಸಿದರು, ಬ್ರಿಟನ್ನಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. ಆ ಋಣ ದೊಡ್ಡದು. ಆದರೆ ಅವರು ಕಂಡದ್ದು ಹಳ್ಳಿಯ ಬೇಟೆಗಾರರ ಬಳಿ ಆಗಲೇ ಇದ್ದ ನಾಯಿಗಳನ್ನು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇದನ್ನು ಇಂದಿಗೂ ಕಾರವಾನಿ ಎನ್ನುತ್ತಾರೆ.

ನಮ್ಮ ಅಜ್ಜನ ಹೊಲದಲ್ಲಿ ಒಂದಿತ್ತು. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿದಂಥ ಹೊಟ್ಟೆ. ಜೋಳದ ನುಚ್ಚು, ಮಜ್ಜಿಗೆ ಉಂಡು ಕಂಬಳಿಯ ಮೇಲೆ ಮಲಗಿರುತ್ತಿತ್ತು. ದೂರದ ಬದುವಿನಲ್ಲಿ ಏನಾದರೂ ಮಿಸುಕಿದರೆ ಸಾಕು, ಕಿವಿ ನಿಮಿರಿ ಕತ್ತು ಎತ್ತುತ್ತಿತ್ತು. ಇದು ಮೂಗಿಗಿಂತ ಕಣ್ಣನ್ನು ನಂಬುವ ಬೇಟೆನಾಯಿ. ಓಡುವಾಗ ನಾಲ್ಕೂ ಕಾಲುಗಳು ಹೊಟ್ಟೆಯಡಿ ಮಡಿಚಿ, ಮರುಗಳಿಗೆ ಬಿಲ್ಲಿನಂತೆ ಚಾಚಿಕೊಳ್ಳುತ್ತವೆ. ಅಪರಿಚಿತರು ಮುಟ್ಟಿದರೆ ಸಹಿಸುವುದಿಲ್ಲ. ಅದನ್ನು ಲೇಖನದಲ್ಲಿ ಸಿಡುಕು ಎಂದು ಬರೆದಿದ್ದೀರಿ, ನಾನು ಸಂಕೋಚ ಎನ್ನುತ್ತೇನೆ.

2005ರಲ್ಲಿ ಈ ತಳಿ ಅಂಚೆ ಚೀಟಿಯ ಮೇಲೆ ಬಂತು, ಮುಂದೆ ಸೇನೆಗೂ ಸೇರಿತು. ಸಂತೋಷವೇ. ಆದರೆ ಈಗ ಮಹಡಿ ಮನೆಯ ಬಾಲ್ಕನಿಯಲ್ಲಿ ಕಟ್ಟಿಹಾಕಲು ಮರಿ ಕೊಳ್ಳುವವರನ್ನು ಕಂಡರೆ ಸಂಕಟವಾಗುತ್ತದೆ. ದಯವಿಟ್ಟು ಓಡಲು ಬಯಲಿದ್ದರೆ ಮಾತ್ರ ತನ್ನಿ. ಮರಿ ಬೇಕಿದ್ದವರು ಮುಧೋಳ ಬಳಿಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಮೊದಲು ವಿಚಾರಿಸಿ.