ಮೂವತ್ತೇಳು ಸೆಂಟು ಮತ್ತು ಇರ್ವಿಂಗ್ ಬರ್ಲಿನ್

ಡಿಸೆಂಬರ್ ಬಂತೆಂದರೆ ಅಮೆರಿಕದ ಗೀತರಚನಕಾರ, ಸಂಗೀತ ಸಂಯೋಜಕ ಇರ್ವಿಂಗ್ ಬರ್ಲಿನ್ ಬಗ್ಗೆ ಒಂದೇ ಅಚ್ಚಿನ ಬರಹಗಳು ಮೊಬೈಲಿಗೆ ಬಂದು ಬೀಳುತ್ತವೆ. ಸ್ವರಲಿಪಿ ಓದಲೂ ಬಾರದ ಬಡ ವಲಸಿಗ ಹುಡುಗ 'ವೈಟ್ ಕ್ರಿಸ್‌ಮಸ್' ಎಂಬ ಹಾಡು ಬರೆದು ಜಗತ್ತನ್ನು ಗೆದ್ದ, ಪ್ರತಿಭೆ ಇದ್ದರೆ ಉಳಿದದ್ದೆಲ್ಲ ತಾನಾಗಿ ಒಲಿಯುತ್ತದೆ ಎಂಬ ಧಾಟಿ. ಓದಿದಾಗಲೆಲ್ಲ ನನಗೆ ಕಿರಿಕಿರಿ. ಬರ್ಲಿನ್‌ಗೆ ಯಾವುದೂ ತಾನಾಗಿ ಒಲಿಯಲಿಲ್ಲ. ಹಾಡಿನ ಬೆಲೆ ಎಷ್ಟು, ಅದರ ಒಡೆತನ ಯಾರಲ್ಲಿರಬೇಕು ಎಂಬುದನ್ನು ಅವನು ಬಹಳ ಬೇಗ ಅರಿತುಕೊಂಡ. ಅವನ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ.

1888ರಲ್ಲಿ ರಷ್ಯನ್ ಸಾಮ್ರಾಜ್ಯದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದವನು. 1893ರಲ್ಲಿ ಕುಟುಂಬ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ಗೆ ಬಂದಿಳಿಯಿತು. ಊರಿನಲ್ಲಿ ಪ್ರಾರ್ಥನಾಗೀತೆ ಹಾಡುತ್ತಿದ್ದ ತಂದೆ ಇಲ್ಲಿ ಧಾರ್ಮಿಕ ನಿಯಮದಂತೆ ಮಾಂಸ ಪರಿಶೀಲಿಸುವ ಕೆಲಸಕ್ಕೆ ಸೇರಬೇಕಾಯಿತು, 1901ರಲ್ಲಿ ತೀರಿಕೊಂಡ. ಹದಿಮೂರರ ಆಸುಪಾಸಿನಲ್ಲಿ ಹುಡುಗ ಮನೆ ಬಿಟ್ಟ. ಬಾವರಿ ಬೀದಿಯ ಸಾರಾಯಿ ಅಂಗಡಿಗಳಲ್ಲಿ ಹಾಡಿ, ಗಿರಾಕಿಗಳು ಎಸೆದ ಚಿಲ್ಲರೆ ಆಯ್ದುಕೊಂಡು ಬದುಕಿದ. ಮುಂದೆ ಚೈನಾಟೌನಿನ ಪೆಲ್ಹಾಮ್ ಕೆಫೆಯಲ್ಲಿ ಹಾಡುತ್ತ ಬಡಿಸುವ ಮಾಣಿಯಾದ. ಅಲ್ಲಿಯೇ 1907ರಲ್ಲಿ ಮೊದಲ ಹಾಡಿಗೆ ಸಾಹಿತ್ಯ ಬರೆದ. ಅವನ ಪಾಲಿಗೆ ಬಂದದ್ದು 37 ಸೆಂಟು. ಮುದ್ರಿತ ಪ್ರತಿಯ ಮೇಲೆ 'ಐ. ಬರ್ಲಿನ್' ಎಂದಿತ್ತು, ಇಸ್ರೇಲ್ ಬೆಯ್ಲಿನ್ ಎಂಬ ಹುಟ್ಟುಹೆಸರು ಹಿಂದೆ ಸರಿಯಿತು.

1911ರಲ್ಲಿ 'ಅಲೆಕ್ಸಾಂಡರ್ಸ್ ರ್‍ಯಾಗ್‌ಟೈಮ್ ಬ್ಯಾಂಡ್' ಎಂಬ ಅವನ ಹಾಡು ದೇಶ ದಾಟಿ ಓಡಿತು. ಇಷ್ಟು ದೊಡ್ಡ ಗೆಲುವು ಸಿಕ್ಕರೆ ಎಷ್ಟೋ ಜನ ಅದರಲ್ಲೇ ಮೈಮರೆಯುತ್ತಾರೆ. ಬರ್ಲಿನ್ ಪ್ರಕಾಶನ ಸಂಸ್ಥೆಯಲ್ಲಿ ಪಾಲುದಾರನಾದ, 1919ರಲ್ಲಿ ಸ್ವಂತದ್ದನ್ನೇ ಕಟ್ಟಿದ, 1921ರಲ್ಲಿ ನಿರ್ಮಾಪಕ ಸ್ಯಾಮ್ ಹ್ಯಾರಿಸ್ ಜೊತೆ ಸೇರಿ ಮ್ಯೂಸಿಕ್ ಬಾಕ್ಸ್ ಎಂಬ ರಂಗಮಂದಿರ ತೆರೆದ. ಅದಕ್ಕೂ ಮೊದಲು, 1914ರಲ್ಲಿ, ಅಮೆರಿಕದಲ್ಲಿ ಹಾಡು ಕಟ್ಟುವವರ ಹಕ್ಕುಗಳಿಗಾಗಿ ಹುಟ್ಟಿದ ಆಸ್ಕ್ಯಾಪ್ ಸಂಘದ ಸ್ಥಾಪಕ ಸದಸ್ಯರಲ್ಲಿ ಅವನೂ ಒಬ್ಬ. ಆಗ ಹೋಟೆಲುಗಳು ಊಟದ ಜೊತೆ ಹಾಡನ್ನೂ ಬಡಿಸುತ್ತಿದ್ದವು, ಹಾಡು ಕಟ್ಟಿದವನಿಗೆ ಬಿಡಿಗಾಸೂ ಇಲ್ಲ. ಪ್ರವೇಶಧನ ಇಲ್ಲದಿದ್ದರೂ ಅದು ಲಾಭಕ್ಕಾಗಿ ನಡೆಯುವ ಪ್ರದರ್ಶನವೇ ಎಂದು 1917ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸಂಘಕ್ಕೆ ಬಲ ಬಂತು. ನಮ್ಮಲ್ಲಿ ಸಿನಿಮಾ ಗೀತರಚನಕಾರರ ರಾಯಧನದ ಹಕ್ಕನ್ನು ಯಾರೂ ಬರೆಸಿಕೊಳ್ಳುವಂತಿಲ್ಲ ಎಂಬ ತಿದ್ದುಪಡಿ ಬಂದದ್ದು 2012ರಲ್ಲಿ. ಬರ್ಲಿನ್‌ನನ್ನು ಜಿಪುಣ, ವ್ಯಾಪಾರಿ ಎಂದು ಹಳಿಯುವವರು ಈ ಎರಡು ಇಸವಿಗಳ ನಡುವಿನ ಅಂತರವನ್ನು ಒಮ್ಮೆ ನೋಡಬೇಕು.

ಇನ್ನು ಅವನ ಪಿಯಾನೋ. ಅವನು ನುಡಿಸುತ್ತಿದ್ದದ್ದು ಒಂದೇ ಶ್ರುತಿಯಲ್ಲಿ, ಹೆಚ್ಚಾಗಿ ಕರಿ ಕೀಲಿಗಳ ಮೇಲೆ. ಬೇರೆ ಶ್ರುತಿ ಬೇಕಾದರೆ ಒಂದು ಹಿಡಿಯನ್ನು ಸರಿಸಿದರೆ ಒಳಗಿನ ಯಂತ್ರವೇ ಜಾಗ ಬದಲಿಸುವ ಪಿಯಾನೋ ಅವನಲ್ಲಿತ್ತು. ಸ್ಕೇಲ್ ಚೇಂಜರ್ ಹಾರ್ಮೋನಿಯಂ ನೋಡಿದವರಿಗೆ ಇದರಲ್ಲಿ ಪವಾಡವೇನೂ ಕಾಣದು. ರಾಗ ಹಾಡಿ ತೋರಿಸುತ್ತಿದ್ದ, ಸಹಾಯಕ ಬರೆದುಕೊಳ್ಳುತ್ತಿದ್ದ, ತನಗೆ ಬೇಕಾದ ಸ್ವರಮೇಳ ಸಿಗುವವರೆಗೂ ಬಿಡುತ್ತಿರಲಿಲ್ಲ. ಇಷ್ಟಾದರೂ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ ಯಾರೋ ಕಪ್ಪು ಹುಡುಗನನ್ನು ಬಚ್ಚಿಟ್ಟು ಹಾಡು ಬರೆಸುತ್ತಾನೆ ಎಂಬ ಗಾಳಿಸುದ್ದಿ ಅವನನ್ನು ಬಿಡಲಿಲ್ಲ. ಸುದ್ದಿ ಸುಳ್ಳು, ಆದರೆ ಅದರ ಹಿಂದಿನ ಒಂದು ನಿಜವನ್ನು ಒಪ್ಪಲೇಬೇಕು. ರ್‍ಯಾಗ್‌ಟೈಮ್ ಎಂಬ ಸಂಗೀತಶೈಲಿ ಕಪ್ಪು ಸಂಗೀತಗಾರರು ಕಟ್ಟಿದ್ದು. ಅದರ ದೊಡ್ಡ ಹೆಸರಾದ ಸ್ಕಾಟ್ ಜಾಪ್ಲಿನ್ 1917ರಲ್ಲಿ ತೀರಿಕೊಂಡಾಗ ಅವನ ಗೀತನಾಟಕಕ್ಕೆ ಸರಿಯಾದ ರಂಗಪ್ರದರ್ಶನವೂ ದಕ್ಕಿರಲಿಲ್ಲ. ರ್‍ಯಾಗ್‌ಟೈಮಿನ ಹೆಸರು ಹೊತ್ತ ಹಾಡಿನ ಫಸಲು ಬರ್ಲಿನ್‌ನ ಕಣಜ ಸೇರಿತು.

ಬರೆದದ್ದನ್ನು ಬಿಸಾಡುವ ಜಾಯಮಾನ ಅವನದಲ್ಲ. 1917ರಲ್ಲಿ ಯಾರೂ ಕೇಳದೆ ಸೋತ ಒಂದು ರಾಗಕ್ಕೆ ಹೊಸ ಸಾಹಿತ್ಯ ತೊಡಿಸಿದ. ಅದು 1933ರ 'ಈಸ್ಟರ್ ಪರೇಡ್'. 1918ರಲ್ಲಿ ಕ್ಯಾಂಪ್ ಅಪ್ಟನ್‌ನಲ್ಲಿ ಸೈನಿಕನಾಗಿದ್ದಾಗ ಸಿಪಾಯಿಗಳೇ ಅಭಿನಯಿಸುವ ಪ್ರದರ್ಶನಕ್ಕೆಂದು ಬರೆದ 'ಗಾಡ್ ಬ್ಲೆಸ್ ಅಮೆರಿಕ' ತೀರಾ ಗಂಭೀರ ಎನಿಸಿ ಬದಿಗಿಟ್ಟಿದ್ದ. ಯುರೋಪಿನಲ್ಲಿ ಯುದ್ಧದ ಮೋಡ ಕವಿದಿದ್ದ 1938ರಲ್ಲಿ ಅದನ್ನು ಹೊರತೆಗೆದು ತಿದ್ದಿದ, ಕೇಟ್ ಸ್ಮಿತ್ ರೇಡಿಯೋದಲ್ಲಿ ಹಾಡಿದಳು. ವಲಸೆ ಬಂದ ಯಹೂದಿ ನಮಗೆ ದೇಶಭಕ್ತಿಗೀತೆ ಕೊಡುವುದೇ ಎಂದು ಗೊಣಗಿದವರೂ ಇದ್ದರು. ಪ್ರತಿ ಕಾಸಿನ ಲೆಕ್ಕ ಇಡುತ್ತಿದ್ದ ಮನುಷ್ಯ ಈ ಹಾಡಿನ ರಾಯಧನವನ್ನು ಪೂರ್ತಿಯಾಗಿ ಬಾಯ್ ಸ್ಕೌಟ್ಸ್, ಗರ್ಲ್ ಸ್ಕೌಟ್ಸ್ ಸಂಸ್ಥೆಗಳಿಗೆ ಬಿಟ್ಟುಕೊಟ್ಟ.

ನನ್ನ ಮಟ್ಟಿಗೆ ಅವನ ಅತ್ಯುತ್ತಮ ಹಾಡು ಇವು ಯಾವುವೂ ಅಲ್ಲ, 'ಸಪ್ಪರ್ ಟೈಮ್'. ಪತ್ರಿಕೆಯ ಶೀರ್ಷಿಕೆಗಳನ್ನೇ ದೃಶ್ಯಗಳನ್ನಾಗಿಸಿದ 1933ರ ಬ್ರಾಡ್‌ವೇ ಪ್ರದರ್ಶನವೊಂದರಲ್ಲಿ, ನಗೆಯ ನಡುವೆ, ಎಥೆಲ್ ವಾಟರ್ಸ್ ಇದನ್ನು ಹಾಡಿದಳು. ಗುಂಪು ಹಲ್ಲೆಗೆ ಬಲಿಯಾದ ಕಪ್ಪು ಮನುಷ್ಯನ ಹೆಂಡತಿ ರಾತ್ರಿಯೂಟಕ್ಕೆ ಅಣಿಮಾಡಬೇಕಾಗಿದೆ, ಅಪ್ಪ ಇನ್ನು ಬರುವುದಿಲ್ಲ ಎಂದು ಮಕ್ಕಳಿಗೆ ಹೇಗೆ ಹೇಳುವುದು? ಕೊಲೆಯ ಮಾತೇ ಹಾಡಿನಲ್ಲಿಲ್ಲ. ಮೋಜಿಗೆಂದು ಟಿಕೆಟ್ ಕೊಂಡು ಕುಳಿತ ಜನರೆದುರು ಇದನ್ನು ತರಲು ಎದೆಗಾರಿಕೆ ಬೇಕು. 'ವೈಟ್ ಕ್ರಿಸ್‌ಮಸ್' ಬಗ್ಗೆ ನೂರು ಬರಹಗಳಿವೆ, ಇದರ ಬಗ್ಗೆ ಎಷ್ಟು?

ಹಕ್ಕಿನ ವಿಷಯದಲ್ಲಿ ಅವನು ಅತಿಗೆ ಹೋದದ್ದೂ ಉಂಟು. ಅರವತ್ತರ ದಶಕದಲ್ಲಿ 'ಮ್ಯಾಡ್' ಎಂಬ ಹಾಸ್ಯಪತ್ರಿಕೆ ಹೆಸರಾಂತ ಹಾಡುಗಳ ಧಾಟಿಗೆ ಅಣಕುಹಾಡು ಬರೆದು ಪ್ರಕಟಿಸಿದಾಗ ಪ್ರಕಾಶಕರು ಮೊಕದ್ದಮೆ ಹೂಡಿದರು, ಬರ್ಲಿನ್ ಮುಂದಾಳು. 1964ರಲ್ಲಿ ಮೇಲ್ಮನವಿ ನ್ಯಾಯಾಲಯ ಬಹುತೇಕ ಪತ್ರಿಕೆಯ ಪರವಾಗಿಯೇ ತೀರ್ಪಿತ್ತಿತು. ಎಷ್ಟೇ ದೊಡ್ಡ ಹಾಡುಗಾರನಾದರೂ ಛಂದಸ್ಸಿನ ಮೇಲೆ ಆಸ್ತಿಹಕ್ಕು ಸಾಧಿಸಲಾಗದು ಎಂದು ಚುಚ್ಚಿತು ಕೂಡ. ಅವನು ಸೋತದ್ದು ನನಗೆ ಖುಷಿಯೇ. ಭಾಮಿನಿ ಷಟ್ಪದಿಯನ್ನು ಯಾರಾದರೂ ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡಿದ್ದರೆ ನಮ್ಮ ಗತಿ ಏನಾಗುತ್ತಿತ್ತು! ಪ್ರಕಾಶಕರು ಸುಪ್ರೀಂ ಕೋರ್ಟಿನವರೆಗೂ ಹೋದರು, ಅದು ಅರ್ಜಿಯನ್ನೇ ಕೈಗೆತ್ತಿಕೊಳ್ಳಲಿಲ್ಲ. ಬರ್ಲಿನ್ 1989ರವರೆಗೆ, 101ರ ವಯಸ್ಸಿನವರೆಗೆ ಬದುಕಿದ. ಅಷ್ಟರೊಳಗೆ 'ಅಲೆಕ್ಸಾಂಡರ್' ಹಾಡಿನ 75 ವರ್ಷಗಳ ಹಕ್ಕುಸ್ವಾಮ್ಯವೂ ಮುಗಿದು, ಅವನು ಬದುಕಿದ್ದಾಗಲೇ ಅದು ಎಲ್ಲರ ಸೊತ್ತಾಗಿತ್ತು.