ಈಜುವವರಿಗೊಂದು ಜರಿ ಶಾಲು

ನಮ್ಮ ಊರಿನಲ್ಲಿ ಯಾರಾದರೂ ಒಂದು ಕೆಲಸವನ್ನು ಸದ್ದಿಲ್ಲದೆ, ಬಿಡದೆ ಮಾಡುತ್ತಿದ್ದಾರೆಂದು ತಿಳಿದರೆ ಸಾಕು, ಅವರನ್ನು ಹಿಡಿದು ತಂದು ವೇದಿಕೆ ಹತ್ತಿಸಿ ಶಾಲು ಹೊದಿಸುವವರೆಗೆ ನಮಗೆ ನಿದ್ದೆ ಹತ್ತುವುದಿಲ್ಲ. ಈ ವರ್ಷ ಹಾಗೆ ಸಿಕ್ಕಿಬಿದ್ದವರು ನಿತ್ಯ ಈಜುವವರು. ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಕೊಡಗಿನ ಡಿಸೆಂಬರ್ ಮುಂಜಾವಿಗೆ ಆ ನಿಯಮವನ್ನು ಯಾರೂ ಓದಿ ಹೇಳಿಲ್ಲವಾದ್ದರಿಂದ, ಮಂಜು ಇಳಿಯುತ್ತಿರುವ ಬಯಲು ಕೊಳಕ್ಕೆ ಹಾರುವ ನಿವೃತ್ತ ಸುಬೇದಾರರೊಬ್ಬರು, ಒಬ್ಬ ಶಾಲಾ ಬಾಲಕಿ ಮತ್ತು ಇನ್ನೂ ನಾಲ್ವರು ಸನ್ಮಾನಕ್ಕೆ ಅರ್ಹರೆಂಬುದರಲ್ಲಿ ಎರಡು ಮಾತಿರಲಿಲ್ಲ. ಏನು ಕೊಡಬೇಕೆಂಬುದನ್ನು ತೀರ್ಮಾನಿಸಲು ಒಂದು ಉಪಸಮಿತಿ ಹುಟ್ಟಿತು. ನನ್ನ ದುರದೃಷ್ಟಕ್ಕೆ ನಾನೂ ಅದರ ಸದಸ್ಯನಾದೆ.

ಮೊದಲ ಸಭೆಯಲ್ಲಿಯೇ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಮತ್ತು ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಯ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಾದರಿ ಎಂದು ಪಟ್ಟಿ ಸಿದ್ಧವಾಯಿತು. ಪೀಚೆಕತ್ತಿಯ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಎಷ್ಟು ಕಡಿದರೂ ಎರಡಾಗದ ನೀರಿನಲ್ಲಿ ದಿನವೂ ಗಂಟೆಗಟ್ಟಲೆ ಕೈಯಾಡಿಸುವವರಿಗೆ ಕತ್ತಿಯಿಂದ ಏನಾಗಬೇಕು ಎಂದು ಕೇಳಿದ್ದಕ್ಕೆ, 'ಇದು ಸಂಪ್ರದಾಯ' ಎಂಬ ಉತ್ತರ ಬಂತು. ಇನ್ನು ಪಾರಿತೋಷಕದ ಕಥೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವಣ ಹಾಕಿ ಉತ್ಸವವನ್ನು ಆರಂಭಿಸಿದ ಜಿಲ್ಲೆ ನಮ್ಮದು. ಹೀಗಿರುವಾಗ ಅಂಗಡಿಯವನ ಬಳಿ ಹಾಕಿ ಆಟಗಾರನ ಗೊಂಬೆ ಬಿಟ್ಟು ಬೇರೇನು ಸಿಕ್ಕೀತು? ಸ್ಟಿಕ್ ಕತ್ತರಿಸಿ ತೆಗೆದರೆ ಈಜುಗಾರನಂತೆಯೇ ಕಾಣುತ್ತದೆಂದು ಆತ ಭರವಸೆ ಕೊಟ್ಟ. ಕತ್ತರಿಸಿ ನೋಡಿದೆವು. ಸೊಂಟ ಬಗ್ಗಿಸಿ ಎರಡೂ ಕೈಗಳನ್ನು ನೆಲದತ್ತ ಚಾಚಿದ ಆ ಚಿನ್ನದ ಬಣ್ಣದ ಮನುಷ್ಯ, ಕೊಳದ ತಳದಲ್ಲಿ ಬಿದ್ದುಹೋದ ಉಂಗುರವನ್ನು ಹುಡುಕುವವನಂತಿದ್ದ. ಸಮಿತಿ ಅದನ್ನು ಒಮ್ಮತದಿಂದ ಅಂಗೀಕರಿಸಿತು.

ಈಜುವವರನ್ನೇ ಒಂದು ಮಾತು ಕೇಳೋಣವೆಂಬ ನನ್ನ ಸಲಹೆಗೆ ಎಲ್ಲರೂ ಬೆರಗಾದರೂ, ಸುಬೇದಾರರನ್ನು ಕಾಣಲು ನನ್ನನ್ನೇ ಕಳುಹಿಸಿದರು. ಅವರು ತಮ್ಮ ಚೀಲ ಬಿಚ್ಚಿ ತೋರಿಸಿದರು. ಒಳಗಿನ ಮಂಜುನಿರೋಧಕ ಲೇಪವನ್ನು ಬೆರಳಿನಿಂದ ಉಜ್ಜಿ ಉಜ್ಜಿ ಕಳೆದುಕೊಂಡ ಈಜುಗನ್ನಡಕ ಅದರಲ್ಲಿತ್ತು; ಅದನ್ನು ಧರಿಸಿದರೆ ಕೊಳದ ಹೊರಗಿನ ಮಂಜು ಒಳಗೂ ಬರುತ್ತದೆಯಂತೆ. ಕೂದಲನ್ನು ಕೀಳುವ ಲೇಟೆಕ್ಸ್ ಟೊಪ್ಪಿಯ ಬದಲು ಸಿಲಿಕಾನ್ ಟೊಪ್ಪಿ, ಕಿವಿಗೆ ನೀರು ನುಗ್ಗದಂತೆ ಬಿರಡೆ, ಕ್ಲೋರಿನ್ ತೊಳೆಯುವ ಶಾಂಪೂ ಇದ್ದರೆ ಸಾಕೆಂದರು. ಹೆಚ್ಚು ಆಸೆಯಿಂದ ಮಾತಾಡಿದ್ದು ಟವೆಲಿನ ಬಗ್ಗೆ. ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ದಪ್ಪ ಹತ್ತಿಯ ಟವೆಲ್ ಒಂದು ವಾರವಾದರೂ ಒಣಗದೆ ಹುಳಿವಾಸನೆ ಹಿಡಿಯುತ್ತದೆ, ಹಿಂಡಿದ ಕೂಡಲೇ ಮತ್ತೆ ನೀರು ಹೀರುವ ತೆಳುವಾದ ಮೈಕ್ರೋಫೈಬರ್ ಟವೆಲ್ ಸಿಕ್ಕಿದರೆ ಅದೇ ಸನ್ಮಾನ ಎಂದರು. ಅವರ ಈಜುಡುಗೆ ಸಡಿಲವಾಗಿ ಜೋಲುತ್ತಿತ್ತು. ಹಿಗ್ಗುವ ಲೈಕ್ರಾದ ಎಳೆಗಳನ್ನು ಕ್ಲೋರಿನ್ ತಿಂದುಹಾಕುತ್ತದೆ, ಪಾಲಿಯೆಸ್ಟರ್ ಆದರೆ ಬಹುಕಾಲ ತಡೆಯುತ್ತದೆ. ಹಾಗೆ ನೋಡಿದರೆ ನಮ್ಮ ಸಮಿತಿಯೂ ಅಪ್ಪಟ ಪಾಲಿಯೆಸ್ಟರನ್ನೇ ಖರೀದಿಸಿತ್ತು; ಅದು ರೇಷ್ಮೆಯೆಂದು ಹೇಳಿಕೊಂಡು ಶಾಲಿನ ರೂಪದಲ್ಲಿ ಬಂದಿತ್ತಷ್ಟೆ.

2009ರ ರೋಮ್ ವಿಶ್ವ ಈಜು ಚಾಂಪಿಯನ್‌ಷಿಪ್‌ನಲ್ಲಿ 43 ವಿಶ್ವದಾಖಲೆಗಳು ನಿರ್ಮಾಣವಾದವು, ಅದಕ್ಕೆ ನೆರವಾದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಉಡುಗೆಗಳನ್ನು 2010ರಿಂದ ನಿಷೇಧಿಸಲಾಯಿತು. ಮೈಮೇಲಿನ ಬಟ್ಟೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ಕ್ರೀಡೆಗೆ ನಾವು ಸಲ್ಲಿಸಿದ ಕಾಣಿಕೆ ಎರಡು ಮೀಟರ್ ಜರಿ.

ಎರಡನೆಯ ಸಭೆಯಲ್ಲಿ ಸುಬೇದಾರರ ಪಟ್ಟಿಯನ್ನು ಮಂಡಿಸಿದೆ. ಒಂದು ಶಾಲು, ಒಂದು ಪೇಟದ ಖರ್ಚಿನಲ್ಲಿ ಈ ಎಲ್ಲವೂ ಬರುತ್ತವೆಂದು ಲೆಕ್ಕವನ್ನೂ ಕೊಟ್ಟೆ. ಅಧ್ಯಕ್ಷರು ಬಹಳ ಹೊತ್ತು ಯೋಚಿಸಿ, 'ಶಾಲಾದರೆ ಹೊದಿಸಬಹುದು, ಪೇಟವಾದರೆ ತೊಡಿಸಬಹುದು, ಶಾಂಪೂವನ್ನು ವೇದಿಕೆಯ ಮೇಲೆ ಏನು ಮಾಡುವುದು?' ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಕಿವಿಯ ಬಿರಡೆಯನ್ನು ಮುಖ್ಯ ಅತಿಥಿಗಳು ಸನ್ಮಾನಿತರ ಕಿವಿಗೆ ತುರುಕುವ ಭಾವಚಿತ್ರ ಪತ್ರಿಕೆಯಲ್ಲಿ ಶೋಭಿಸುವುದಿಲ್ಲವೆಂದು ಇನ್ನೊಬ್ಬ ಸದಸ್ಯರು ಸೇರಿಸಿದರು. ಭಾಷಣಗಳು ಆರಂಭವಾಗುವ ಮೊದಲೇ ಹಂಚಿದರೆ ಬಿರಡೆಗಳು ಅಲ್ಲಿಯೇ ಬಳಕೆಗೆ ಬಂದಾವೆಂದು ನನಗೆ ಅನ್ನಿಸಿತು, ಆದರೆ ಹೇಳಲಿಲ್ಲ. ಕೊಳದ ನೀರು ಕಣ್ಣು ಉರಿಸುವುದು ಬರೀ ಕ್ಲೋರಿನ್‌ನಿಂದಲ್ಲ, ಅದು ನಮ್ಮ ಬೆವರು ಮತ್ತು ಮೂತ್ರದೊಂದಿಗೆ ಬೆರೆತು ಹುಟ್ಟುವ ಕ್ಲೋರಮೈನ್‌ಗಳಿಂದ. ಆದ್ದರಿಂದ ಸ್ನಾನ ಮಾಡಿ ಕೊಳಕ್ಕಿಳಿಯಲು ಒಂದು ಶವರ್ ಹಾಕಿಸಿಕೊಡುವುದೇ ಎಲ್ಲರಿಗೂ ಸಲ್ಲುವ ಉಡುಗೊರೆ ಎಂದು ಬಾಲಕಿ ಹೇಳಿ ಕಳುಹಿಸಿದ್ದಳು. ಶವರಿಗೆ ಹಾರ ಹಾಕಲು ಬರುವುದಿಲ್ಲವಾದ್ದರಿಂದ ಆ ವಿಷಯವನ್ನು ಮುಂದಿನ ವರ್ಷಕ್ಕೆ ತಳ್ಳಲಾಯಿತು.

ಕೊನೆಗೆ ನನ್ನ ಮುಖ ನೋಡಲಾರದೆ ಸಮಿತಿ ಒಂದು ಹೆಜ್ಜೆ ಹಿಂದೆ ಸರಿಯಿತು. ಪೀಚೆಕತ್ತಿಯನ್ನು ಬಿಟ್ಟು ಈಜುಗನ್ನಡಕ ಕೊಡಲು ಒಪ್ಪಿತು. ಕಾರ್ಯಕ್ರಮದ ದಿನ ಬಣ್ಣದ ಕಾಗದ ಬಿಚ್ಚಿದಾಗ ಕನ್ನಡಕ ನಿಜಕ್ಕೂ ಒಳ್ಳೆಯದಿತ್ತು. ಅದನ್ನು ಕೆಂಪು ಮಖಮಲ್ಲಿನ ಮೇಲೆ ಅಂಟಿಸಿ, ಸುತ್ತ ಮರದ ಚೌಕಟ್ಟು ಹಾಕಿ, ಮೇಲೆ ಗಾಜು ಕೂರಿಸಿ, ಕೆಳಗೆ ಸಮಿತಿಯ ಹನ್ನೊಂದು ಮಂದಿಯ ಹೆಸರುಗಳನ್ನು ಚಿನ್ನದ ಅಕ್ಷರಗಳಲ್ಲಿ ಕೆತ್ತಿಸಲಾಗಿತ್ತು. ಪೇಟ ಧರಿಸಿ, ಶಾಲು ಹೊದ್ದು, ಕ್ಯಾಮೆರಾದತ್ತ ನಗುತ್ತ ನಿಂತಿದ್ದ ಸುಬೇದಾರರು ಚೌಕಟ್ಟನ್ನು ಹಿಂದುಮುಂದಾಗಿ ತಿರುಗಿಸಿ ನೋಡಿ, ನನ್ನ ಕಿವಿಯ ಬಳಿ ಬಗ್ಗಿ, 'ನಿಮ್ಮ ಹತ್ತಿರ ಸ್ಕ್ರೂಡ್ರೈವರ್ ಇದೆಯೇ?' ಎಂದು ಕೇಳಿದರು.