ಹಳೆಯ ಕಾರಿನ ಸರ್ವಿಸ್ ಮ್ಯಾನ್ಯುಯಲ್: ಮುಂಬಯಿಯ ಕೈ, ಮೈಸೂರಿನ ಕಾಗದ

ಮುಂಬಯಿಯಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೆ ಮೆಕ್ಯಾನಿಕ್‌ಗಳಿಗಿಂತ ಹೆಚ್ಚು ಕೊರತೆ ಇರುವುದು ಕಾಗದಕ್ಕೆ, ಅಂದರೆ ರಿಪೇರಿಯ ವಿವರವಿರುವ ಸರ್ವಿಸ್ ಮ್ಯಾನ್ಯುಯಲ್‌ಗೆ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ಆಗಿ, ಮುಂದೆ ಪದ್ಮಿನಿ ಎಂಬ ಹೆಸರಿನಲ್ಲಿ ತಯಾರಾದ ಕಾರು ದಶಕಗಳ ಕಾಲ ಈ ನಗರದ ಟ್ಯಾಕ್ಸಿಯಾಗಿ ಓಡಿದ್ದರಿಂದ, ಅದರ 1089 ಸಿಸಿ ಎಂಜಿನ್ನನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವವರು ಗಲ್ಲಿಗೊಬ್ಬರಂತೆ ಇದ್ದರು. ಎಂಜಿನ್ನಿನ ಕವಾಟಗಳನ್ನು ತಳ್ಳುವ ಟ್ಯಾಪೆಟ್‌ಗಳ ಸದ್ದು ಕೇಳಿಯೇ ಸಂದು ಎಷ್ಟು ಸಡಿಲವಾಗಿದೆಯೆಂದು ಹೇಳುವ ಉಸ್ತಾದರಿಗೆ ಪುಸ್ತಕದ ಹಂಗಿರಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ನಮ್ಮ ಗಾದೆಯನ್ನು ಅವರು ಕೇಳಿರಲಿಕ್ಕಿಲ್ಲ, ನಡೆದುಕೊಂಡದ್ದು ಮಾತ್ರ ಹಾಗೆಯೇ. ಆದರೆ 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಹೊಟ್ಟೆಪಾಡಿಗೆ ಈ ವಿದ್ಯೆ ಕಲಿಯುವ ಹುಡುಗರು ಇನ್ನು ಎಲ್ಲಿಂದ ಬರಬೇಕು?

ಊರಿಗೆ ಹೋದಾಗಲೆಲ್ಲ ನಾನು ಕಾಣುವ ರೀತಿ ಬೇರೆ. ಮೈಸೂರಿನ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಜಾವಾ, ಯೆಜ್ಡಿ ಸವಾರರು ತಮ್ಮ ಬಳಿ ಉಳಿದ ಬಿಡಿಭಾಗಗಳ ಪಟ್ಟಿ, ರಿಪೇರಿ ಪುಸ್ತಿಕೆಗಳನ್ನು ಮೊದಲು ಜೆರಾಕ್ಸ್ ಮಾಡಿ, ಈಗ ಸ್ಕ್ಯಾನ್ ಮಾಡಿ ಕೇಳಿದವರಿಗೆಲ್ಲ ಕೊಡುತ್ತಾರೆ. ಇಲ್ಲಿ ಮುಂಬಯಿಯಲ್ಲಿ ನಾನು ಬಲ್ಲ ಕಾರು ಮಾಲೀಕರಲ್ಲಿ ಹಲವರಿಗೆ ಮ್ಯಾನ್ಯುಯಲ್ ಎಂದರೆ ಕಾರಿನ ಜೊತೆ ಬೆಲೆ ಏರುವ ಒಡವೆ. ಹಣ ಕೊಟ್ಟು ಕೊಂಡವರ ಮೇಲೆ ಸಿಟ್ಟಾಗುವಂತಿಲ್ಲ, ನಿಜ. ಆದರೂ ಈ ವಿಷಯದಲ್ಲಿ ನನ್ನ ಮತ ಮೈಸೂರಿನವರಿಗೆ.

ಆದರೆ ಹೇಗೋ ಒಂದು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸಿದರೆ ಕೆಲಸ ಮುಗಿಯಿತೆನ್ನುವುದನ್ನು ನಾನು ಒಪ್ಪುವುದಿಲ್ಲ. ಫಿಯೆಟ್ ಮೂಲದ ಪುಸ್ತಕದಲ್ಲಿ ಬೋಲ್ಟುಗಳ ಬಿಗಿತವನ್ನು ಕಿಲೋಗ್ರಾಂ-ಮೀಟರಿನಲ್ಲಿ ಕೊಟ್ಟಿದ್ದರೆ, ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅಂಬಾಸಡರಿನ ಹಳೆಯ ಪುಸ್ತಕದಲ್ಲಿ ಅದು ಪೌಂಡ್-ಅಡಿಯಲ್ಲಿರುತ್ತದೆ; ಒಂದು ಕಿಲೋಗ್ರಾಂ-ಮೀಟರ್ ಎಂದರೆ ಸುಮಾರು 7.2 ಪೌಂಡ್-ಅಡಿ. ಮಸುಕಾದ ಪುಟದಲ್ಲಿ ದಶಮಾಂಶದ ಚುಕ್ಕೆ ಅಳಿಸಿಹೋಗಿ 7.5 ಎಂಬುದು 75 ಎಂದು ಕಂಡರೆ, ಅದನ್ನು ಪೌಂಡ್-ಅಡಿಯೆಂದು ತಿಳಿದು ಬಿಗಿಯುವವನಿಗೆ ಅನುಮಾನವೂ ಬರುವುದಿಲ್ಲ, ಏಕೆಂದರೆ 75 ಪೌಂಡ್-ಅಡಿ ನಂಬುವಂಥ ಸಂಖ್ಯೆಯೇ. ನಿಜವಾಗಿ ಬೇಕಿದ್ದುದು 54. ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ಡಿನ ಮೇಲೆ ಅಷ್ಟು ಹೆಚ್ಚಿನ ಬಲ ಬಿದ್ದರೆ ಮುಂದಿನ ಖರ್ಚನ್ನು ಊಹಿಸಿಕೊಳ್ಳಬಹುದು. ಅಂಥ ಸ್ಕ್ಯಾನಿಗಿಂತ ಉಸ್ತಾದರ ಕೈಯಂದಾಜೇ ಲೇಸು.

ವೈರಿಂಗ್ ನಕ್ಷೆಯದೂ ಇದೇ ಕತೆ. ಅದು ಸಾಮಾನ್ಯವಾಗಿ ಪುಸ್ತಕದ ಕೊನೆಯಲ್ಲಿ ಮಡಚಿಟ್ಟ ಉದ್ದನೆಯ ಹಾಳೆ. ಮನೆಯ ಸ್ಕ್ಯಾನರಿನಲ್ಲಿ ಹಿಡಿಸದೆ ಬಿಟ್ಟುಹೋಗುವುದೂ ಅದೇ. 1960ರ ದಶಕದ ಮಧ್ಯದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿ ಅರ್ಥ್ (ಭೂಸಂಪರ್ಕ) ಮಾಡುತ್ತಿದ್ದರು. ಆ ಹಾಳೆಯನ್ನು ನೋಡದೆ, ನೆಗೆಟಿವ್ ತುದಿ ಅರ್ಥ್ ಆಗಿರಬೇಕಾದ ಇಂದಿನ ರೇಡಿಯೋ ಜೋಡಿಸಿದರೆ ಸುಟ್ಟುಹೋಗುವುದಕ್ಕೆ ಹೆಚ್ಚು ಹೊತ್ತು ಬೇಡ. ಯಾವ ವರ್ಷದ ಮುದ್ರಣ, ಯಾವ ಚಾಸಿ ಸಂಖ್ಯೆಯಿಂದ ಅನ್ವಯ ಎಂಬ ಮೊದಲ ಪುಟವನ್ನೂ ಬಿಡಬಾರದು. ಏಕೆಂದರೆ ವಿದೇಶಿ ಆವೃತ್ತಿಯಲ್ಲಿರುವ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಇಲ್ಲಿ ತಯಾರಾದ ಕಾರಿನಲ್ಲಿ ಇರಲೇಬೇಕೆಂದೇನಿಲ್ಲ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರ ಹೆಸರಿಲ್ಲದ ಪ್ರಕಟಣೆಗೆ ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ರಕ್ಷಣೆ ಇದೆ. ಹಾಗಾಗಿ 1964ರಲ್ಲಿ ಇಲ್ಲಿ ಅಚ್ಚಾದ ಅಂಥ ಪುಸ್ತಕ 2024ರ ಕೊನೆಗೆ ಮುಕ್ತ, 1980ರದು 2040ರ ಕೊನೆಯವರೆಗೆ ಮುಕ್ತವಲ್ಲ. ಈಚಿನವುಗಳಿಗೆ ಹಕ್ಕುದಾರರಿಂದ ಬರಹದಲ್ಲಿ ಒಪ್ಪಿಗೆ ಕೇಳುವುದೇ ಸರಿ. ಕಾರು ಮಾರುವುದನ್ನೇ ನಿಲ್ಲಿಸಿದವರು ಪುಸ್ತಕಕ್ಕೆ ಯಾಕೆ ತಕರಾರು ಮಾಡಿಯಾರು ಎಂಬುದು ನನ್ನ ಎಣಿಕೆ.

2021ರ ಕೇಂದ್ರ ನಿಯಮಗಳು 50 ವರ್ಷ ದಾಟಿದ ಖಾಸಗಿ ವಾಹನಕ್ಕೆ ವಿಂಟೇಜ್ ನೋಂದಣಿ ಕೊಡುವಾಗ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕೆನ್ನುತ್ತವೆ. ಮೂಲ ರೂಪ ಯಾವುದೆಂದು ತೋರಿಸಲು ಮಾಲೀಕನಿಗೆ ಕಾಗದವೇ ಬೇಕು. ಆದ್ದರಿಂದ ಕುರ್ಲಾದ ಹಳೆಯ ಪುಸ್ತಿಕೆ ಇಟ್ಟುಕೊಂಡಿರುವ ಇಲ್ಲಿನ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟೇ: ಮಡಚಿದ ಹಾಳೆಯನ್ನು ಮೊದಲು ಸ್ಕ್ಯಾನ್ ಮಾಡಿಸಿ, ಮತ್ತು ಗ್ಯಾರೇಜಿನವರು ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಅಳತೆಗಳನ್ನು ದಯವಿಟ್ಟು ಅಳಿಸಬೇಡಿ.